ಹುಳಿನೀರು ಮೇಲಕ್ಕೆ ಬರುವುದೇಕೆ? ಎದೆ, ಹೊಟ್ಟೆ ಮತ್ತು ನಡುವಿನ ಒತ್ತಡದ ಲೆಕ್ಕ

ಮದುವೆ ಊಟ ಮುಗಿದಿದೆ. ತುಪ್ಪ ಹಾಕಿಸಿಕೊಂಡ ಎರಡು ಹೋಳಿಗೆ, ಒಂದು ಲೋಟ ಪಾಯಸ, ಕೊನೆಗೆ ಮಜ್ಜಿಗೆ ಅನ್ನ. ಛತ್ರದ ಬಾಗಿಲಲ್ಲಿ ಚಪ್ಪಲಿ ಹುಡುಕಲು ಬಗ್ಗುತ್ತೀರಿ. ಅಷ್ಟರಲ್ಲಿ ಗಂಟಲಿಗೆ ಹುಳಿನೀರು ನುಗ್ಗುತ್ತದೆ, ಎದೆಯ ನಡುವೆ ಉರಿ ಶುರುವಾಗುತ್ತದೆ. "ಗ್ಯಾಸ್ಟ್ರಿಕ್ ಆಗಿದೆ" ಅಂತ ಮೆಡಿಕಲ್ ಶಾಪಿನಲ್ಲಿ ಒಂದು ಮಾತ್ರೆ ಕೇಳಿ ನುಂಗುತ್ತೇವೆ.

ಮಾತ್ರೆಗೆ ಉರಿ ತಗ್ಗುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡ ಕೆಲವರು ಡಾಕ್ಟರ ಹತ್ತಿರ ಬಂದು ಹೇಳುವುದೇ ಬೇರೆ: "ಉರಿ ಹೋಯ್ತು ಸಾರ್, ಮಲಗಿದ್ರೆ ಬಾಯಿಗೆ ನೀರು ಬರೋದು ಮಾತ್ರ ನಿಂತಿಲ್ಲ." ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮಾತ್ರೆ ಕಡಿಮೆ ಮಾಡುವುದು ಆಸಿಡ್ಡನ್ನು. ಅದನ್ನು ಕೆಳಗಿಂದ ಮೇಲಕ್ಕೆ ತಳ್ಳುವುದು ಒತ್ತಡ. ಹೀಗೆ ಆಸಿಡ್ ಮೇಲಕ್ಕೆ ಬರುವುದಕ್ಕೆ ಆಸಿಡ್ ರಿಫ್ಲಕ್ಸ್ ಅನ್ನುತ್ತಾರೆ. ಅದು ಇರುವ ಹೆಚ್ಚಿನವರಲ್ಲಿ ಆಸಿಡ್ ತಯಾರಾಗುವುದು ಬೇರೆಯವರಷ್ಟೇ. ಅದು ಹೋಗಬಾರದ ಕಡೆ ಹೋಗುತ್ತದೆ. ಯಾಕೆ ಹೋಗುತ್ತದೆ ಅಂತ ತಿಳಿಯಲು ಎದೆಯೊಳಗೆ ಎಷ್ಟು ಒತ್ತಡ, ಹೊಟ್ಟೆಯೊಳಗೆ ಎಷ್ಟು ಒತ್ತಡ ಅಂತ ನೋಡಬೇಕು.

## ಮೊದಲು ಒಳಗಿನ ನಕ್ಷೆ

ಮಾತಿನಲ್ಲಿ ನಾವು "ಹೊಟ್ಟೆ" ಅನ್ನುವುದು ಪಕ್ಕೆಲುಬಿನ ಕೆಳಗಿನ ಇಡೀ ಭಾಗಕ್ಕೆ. ಊಟ ಹೋಗಿ ಸೇರುವ ಚೀಲದ ಹೆಸರು ಜಠರ. ಈ ಲೇಖನದಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ, ಇಲ್ಲದಿದ್ದರೆ ಗೊಂದಲ.

ಗಂಟಲಿನಿಂದ ಜಠರದವರೆಗೆ ಊಟ ಇಳಿಯುವ ಕೊಳವೆ ಅನ್ನನಾಳ. ದೊಡ್ಡವರಲ್ಲಿ ಅದರ ಉದ್ದ ಸುಮಾರು 25 ಸೆಂಟಿಮೀಟರ್. ಅದರ ಬಹುಭಾಗ ಇರುವುದು ಎದೆಯೊಳಗೆ, ಬೆನ್ನುಮೂಳೆಯ ಮುಂದೆ, ಹೃದಯದ ಹಿಂದೆ. ಎದೆಗೂ ಹೊಟ್ಟೆಗೂ ನಡುವೆ ಅಡ್ಡಲಾಗಿ ಒಂದು ತೆಳ್ಳನೆಯ ಸ್ನಾಯು ಇದೆ. ಅದೇ ವಪೆ. ನಾವು ಉಸಿರಾಡುವುದು ಮುಖ್ಯವಾಗಿ ಅದರ ಬಲದಿಂದ. ಅನ್ನನಾಳ ಈ ವಪೆಯಲ್ಲಿರುವ ಒಂದು ಕಿಂಡಿಯ ಮೂಲಕ ಹೊಟ್ಟೆಗೆ ಇಳಿಯುತ್ತದೆ. ಆ ಕಿಂಡಿಗೆ ಹಯಾಟಸ್ ಅನ್ನುತ್ತಾರೆ. ಕಿಂಡಿ ದಾಟಿದ ಮೇಲೆ ಅನ್ನನಾಳ ಇನ್ನು ಎರಡು ಸೆಂಟಿಮೀಟರಿನಷ್ಟು ಮುಂದುವರಿದು ಜಠರಕ್ಕೆ ಸೇರುತ್ತದೆ. ಈ ಎರಡು ಸೆಂಟಿಮೀಟರ್ ನೆನಪಿರಲಿ. ನೋಡಲು ಚಿಕ್ಕದು, ಕೆಲಸ ದೊಡ್ಡದು.

## ಮೇಲೆ ಕಡಿಮೆ, ಕೆಳಗೆ ಜಾಸ್ತಿ

ದ್ರವ ಯಾವತ್ತೂ ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಎದೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸ್ವಲ್ಪ ಕಡಿಮೆ. ಹಾಗಿದ್ದರೆ ಮಾತ್ರ ಶ್ವಾಸಕೋಶ ಹಿಗ್ಗಿಕೊಂಡಿರುತ್ತದೆ, ಗಾಳಿ ಒಳಗೆ ಬರುತ್ತದೆ. ಹೊಟ್ಟೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿ ಅಂಗಗಳು ಒತ್ತೊತ್ತಾಗಿವೆ, ಸುತ್ತ ಸ್ನಾಯುಗಳ ಬಿಗಿ ಇದೆ.

ಬಿಪಿ 120/80 ಅನ್ನುವಾಗ ಬಳಸುವುದು ಮಿಲಿಮೀಟರ್ ಪಾದರಸದ ಅಳತೆ. ಇಲ್ಲಿಯೂ ಅದೇ ಅಳತೆ. ಸುಮ್ನೆ ಕೂತಿರುವಾಗ ಎದೆಯೊಳಗೆ ಸುಮಾರು ಮೈನಸ್ 5, ಜಠರದೊಳಗೆ ಸುಮಾರು ಪ್ಲಸ್ 5. ಅಂದರೆ 10ರ ವ್ಯತ್ಯಾಸ. ಬಿಪಿಯ ಮುಂದೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ 10 ಮಿಲಿಮೀಟರ್ ಪಾದರಸದ ಒತ್ತಡ ನೀರನ್ನು 13 ಸೆಂಟಿಮೀಟರಿಗೂ ಮೇಲೆ ಎತ್ತಬಲ್ಲದು. ಅನ್ನನಾಳದ ಉದ್ದ 25. ಹಾಗಾದರೆ ನಿಂತಿರುವಾಗಲೂ, ತಡೆ ಏನೂ ಇಲ್ಲದಿದ್ದರೆ, ಜಠರದ ದ್ರವ ಅರ್ಧ ಅನ್ನನಾಳದವರೆಗೆ ತಾನಾಗಿಯೇ ಏರಬೇಕು. ಮಲಗಿದರೆ ಏರಬೇಕಾದ ಎತ್ತರವೇ ಇಲ್ಲ. ಇದು ಕಾಗದದ ಮೇಲಿನ ಲೆಕ್ಕ, ಒಳಗೆ ಪೂರ್ತಿ ಹೀಗೆಯೇ ನಡೆಯುವುದಿಲ್ಲ. ಆದರೂ ತಳ್ಳುವ ಬಲ ಎಷ್ಟಿದೆ ಅಂತ ಇದರಿಂದ ಗೊತ್ತಾಗುತ್ತದೆ.

ಮಜ್ಜಿಗೆ ಪ್ಯಾಕೆಟ್ಟಿಗೆ ಸ್ಟ್ರಾ ಚುಚ್ಚಿ ಕುಡಿದಿರುತ್ತೀರಿ. ಮೇಲಿಂದ ಹೀರಿದರೂ ಮಜ್ಜಿಗೆ ಬರುತ್ತದೆ, ಕೆಳಗೆ ಪ್ಯಾಕೆಟ್ ಹಿಂಡಿದರೂ ಬರುತ್ತದೆ. ನಮ್ಮ ದೇಹದಲ್ಲಿ ಪ್ರತಿ ಉಸಿರಿಗೂ ಎರಡೂ ಒಟ್ಟಿಗೆ ನಡೆಯುತ್ತವೆ. ಉಸಿರು ಎಳೆದಾಗ ವಪೆ ಕೆಳಗೆ ಇಳಿಯುತ್ತದೆ. ಎದೆಯಲ್ಲಿ ಜಾಗ ಹೆಚ್ಚಿ ಒತ್ತಡ ಇನ್ನಷ್ಟು ತಗ್ಗುತ್ತದೆ, ಅಂದರೆ ಹೀರುವಿಕೆ. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ಅಂದರೆ ಹಿಂಡುವಿಕೆ. ನಿಮಿಷಕ್ಕೆ ಹತ್ತು ಹದಿನೈದು ಸಲ, ಹಗಲೂ ರಾತ್ರಿ.

## ಹಾಗಾದರೆ ಎಲ್ಲರಿಗೂ ಯಾಕೆ ಬರುವುದಿಲ್ಲ?

ಅನ್ನನಾಳದ ತುದಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಸ್ನಾಯುವಿನ ಒಂದು ಉಂಗುರವಿದೆ. ಡಾಕ್ಟರರು ಅದನ್ನು ಎಲ್‌ಇಎಸ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ 10ರಿಂದ 30 ಮಿಲಿಮೀಟರ್ ಪಾದರಸದಷ್ಟು ಬಲದಿಂದ ಮುಚ್ಚಿಕೊಂಡಿರುತ್ತದೆ. ತಳ್ಳುವುದು 10, ತಡೆಯುವುದು ಅದಕ್ಕಿಂತ ಜಾಸ್ತಿ. ಲೆಕ್ಕ ಸರಿಹೋಯಿತು.

ಬರಿಗಣ್ಣಿಗೆ ಈ ಉಂಗುರ ಎದ್ದು ಕಾಣುವುದಿಲ್ಲ. ಹೆಣವನ್ನು ಕೊಯ್ದು ನೋಡಿದವರಿಗೆ ಅಲ್ಲಿ ಹೇಳಿಕೊಳ್ಳುವಂಥ ದಪ್ಪ ಸ್ನಾಯು ಸಿಗಲಿಲ್ಲ. ಹಾಗಾಗಿ ಅದು ನಿಜಕ್ಕೂ ಇದೆಯೋ ಇಲ್ಲವೋ ಅಂತ ತುಂಬಾ ಕಾಲ ವಾದ ನಡೆದಿತ್ತು. 1956ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು ಬದುಕಿರುವ, ಆರೋಗ್ಯವಂತ ಜನರ ಅನ್ನನಾಳದೊಳಗೆ ಒತ್ತಡ ಅಳೆದರು. ಜಠರ ಸೇರುವ ಜಾಗದಲ್ಲಿ ಒತ್ತಡ ಜಾಸ್ತಿ ಇರುವ ಒಂದು ಪಟ್ಟಿ ಸಿಕ್ಕಿತು. ಕತ್ತರಿಗೆ ಕಾಣದ್ದು ಒತ್ತಡದ ಅಳತೆಗೆ ಕಂಡಿತು.

ಈ ಉಂಗುರದ ಮೇಲೆ ಇನ್ನೊಂದು ಹಿಡಿತ ಇದೆ. ಅದು ವಪೆಯದ್ದು. ಕಿಂಡಿಯ ಸುತ್ತ ಇರುವ ವಪೆಯ ನಾರುಗಳು ಸರಿಯಾಗಿ ಉಂಗುರದ ಸುತ್ತಲೇ ಇರುತ್ತವೆ. ಉಸಿರು ಎಳೆದಾಗ ವಪೆ ಬಿಗಿಯಾಗುತ್ತದೆ, ಜೊತೆಗೆ ಕಿಂಡಿಯೂ ಬಿಗಿಯಾಗಿ ಅನ್ನನಾಳವನ್ನು ಒತ್ತಿ ಹಿಡಿಯುತ್ತದೆ. ಅಂದರೆ ಯಾವ ಸ್ನಾಯು ಒತ್ತಡದ ವ್ಯತ್ಯಾಸ ಹುಟ್ಟಿಸುತ್ತದೆಯೋ ಅದೇ ಸ್ನಾಯು, ಅದೇ ಕ್ಷಣಕ್ಕೆ, ದಾರಿಯನ್ನೂ ಮುಚ್ಚುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದೇ.

ಮೂರನೆಯದು ಆ ಎರಡು ಸೆಂಟಿಮೀಟರ್. ಅನ್ನನಾಳದ ಆ ತುಣುಕು ಹೊಟ್ಟೆಯೊಳಗೇ ಇರುವುದರಿಂದ ಹೊಟ್ಟೆಯ ಒತ್ತಡ ಅದರ ಮೇಲೂ ಬೀಳುತ್ತದೆ. ಹೊಟ್ಟೆಯ ಒತ್ತಡ ಏರಿದರೆ ಜಠರ ಹಿಂಡಿದ ಹಾಗೆ ಈ ತುಣುಕೂ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಜೊತೆಗೆ ಅನ್ನನಾಳ ಜಠರಕ್ಕೆ ನೇರವಾಗಿ ಅಲ್ಲ, ಓರೆಯಾಗಿ ಸೇರುತ್ತದೆ. ಹಾಗಾಗಿ ತುಂಬಿದ ಜಠರದ ಮೇಲ್ಭಾಗ ಉಬ್ಬಿ ಪಕ್ಕದಿಂದ ಅದನ್ನು ಒತ್ತುತ್ತದೆ.

ಇವೆಲ್ಲ ಸೇರಿ ಎಷ್ಟು ಗಟ್ಟಿ ಅನ್ನುವುದಕ್ಕೆ ಕೆಮ್ಮು ಸಾಕು. ಆರೋಗ್ಯವಂತ ಯುವಕ ಯುವತಿಯರಲ್ಲಿ ಅಳೆದಾಗ ಕೆಮ್ಮುವ ಹೊತ್ತಿಗೆ ಹೊಟ್ಟೆಯ ಒತ್ತಡ 100 ದಾಟಿತ್ತು, ನಿಂತಲ್ಲೇ ಜಿಗಿದರೆ ಇನ್ನೂ ಜಾಸ್ತಿ. ಆದರೂ ಪ್ರತಿ ಕೆಮ್ಮಿಗೂ ಬಾಯಿಗೆ ಹುಳಿನೀರು ಬರುವುದಿಲ್ಲ. ಕಿಂಡಿ ತಕ್ಷಣ ಬಿಗಿಯಾಗುವುದು ಒಂದು ಕಾರಣ. ಕೆಮ್ಮುವಾಗ ಎದೆಯ ಒತ್ತಡವೂ ಏರುವುದರಿಂದ ಎರಡರ ನಡುವಿನ ವ್ಯತ್ಯಾಸ ಅಷ್ಟೊಂದು ಆಗುವುದಿಲ್ಲ, ಅದು ಇನ್ನೊಂದು ಕಾರಣ.

## ತೇಗಿನ ದಾರಿಯಲ್ಲೇ ಆಸಿಡ್

ತಡೆ ಇಷ್ಟು ಗಟ್ಟಿ ಇದ್ದರೂ ರಿಫ್ಲಕ್ಸ್ ಆಗುತ್ತದೆ. ಅದೂ ಎಲ್ಲರಿಗೂ. ದಿನದ 24 ಗಂಟೆಯಲ್ಲಿ ಶೇ. 4ಕ್ಕಿಂತ ಕಡಿಮೆ ಹೊತ್ತು ಅನ್ನನಾಳದಲ್ಲಿ ಆಸಿಡ್ ಇದ್ದರೆ ಡಾಕ್ಟರರು ಅದನ್ನು ಸಹಜ ಅನ್ನುತ್ತಾರೆ. ಅಂದರೆ ಹತ್ತಿರ ಹತ್ತಿರ ಒಂದು ಗಂಟೆ. ಶೇ. 6 ದಾಟಿದರೆ ಕಾಯಿಲೆ.

ಈ ಸಹಜ ರಿಫ್ಲಕ್ಸ್ ಹೇಗೆ ಆಗುತ್ತದೆ? ಉಂಗುರ ಸೋತು ಅಲ್ಲ, ಉಂಗುರ ತಾನಾಗಿ ಸಡಿಲವಾಗಿ. 1980ರಲ್ಲಿ ಜಾನ್ ಡೆಂಟ್, ವೈಲಿ ಡಾಡ್ಸ್ ಮತ್ತು ಜೊತೆಯವರು ಆರೋಗ್ಯವಂತರನ್ನು ಮಲಗಿಸಿ ಗಂಟೆಗಟ್ಟಲೆ ಒತ್ತಡ ದಾಖಲಿಸಿದರು. ನುಂಗುವಾಗ ಉಂಗುರ ಕೆಲವೇ ಸೆಕೆಂಡ್ ಸಡಿಲವಾಗುತ್ತದೆ. ಆದರೆ ಏನೂ ನುಂಗದಿದ್ದಾಗಲೂ ಅದು ಆಗಾಗ ಪೂರ್ತಿ ಸಡಿಲವಾಗಿ, ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆಯೇ ಇರುತ್ತಿತ್ತು. ರಿಫ್ಲಕ್ಸ್ ಆಗುತ್ತಿದ್ದದ್ದು ಹೆಚ್ಚಾಗಿ ಆಗಲೇ.

ಅಂಥ ಸಡಿಲಿಕೆ ಯಾಕೆ ಬೇಕು? ತೇಗಲು. ಊಟದ ಜೊತೆ, ಮಾತಿನ ಜೊತೆ ಗಾಳಿಯನ್ನೂ ನುಂಗುತ್ತೇವೆ. ಜಠರದ ಮೇಲ್ಭಾಗ ಹಿಗ್ಗಿದಾಗ ವೇಗಸ್ ನರದ ಮೂಲಕ ಮೆದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ. ಅಲ್ಲಿಂದ ಅಪ್ಪಣೆ ಬಂದು ಉಂಗುರ ಸಡಿಲವಾಗುತ್ತದೆ, ಕಿಂಡಿಯ ಹಿಡಿತವೂ ಬಿಡುತ್ತದೆ. ಗಾಳಿ ಹೊರಗೆ ಬರುತ್ತದೆ. ಆ ಕೆಲವು ಸೆಕೆಂಡ್ ತಡೆ ಇಲ್ಲ, 10ರ ವ್ಯತ್ಯಾಸ ಮಾತ್ರ ಹಾಗೇ ಇದೆ. ಗಾಳಿಯ ಹಿಂದೆ ಆಸಿಡ್ಡೂ ಬರುತ್ತದೆ.

ಊಟವಾದ ಮೇಲೆ ತೊಂದರೆ ಜಾಸ್ತಿ ಆಗುವುದು ಇದಕ್ಕೇ. ಜಠರ ಬುದ್ಧಿವಂತ ಚೀಲ. ಊಟ ಬಿದ್ದಾಗ ತಾನೇ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ, ಒತ್ತಡ ಅಷ್ಟಾಗಿ ಏರುವುದಿಲ್ಲ. ಆದರೆ ಹಿಗ್ಗಿದ ಸುದ್ದಿ ಮಾತ್ರ ಹೋಗುತ್ತಲೇ ಇರುತ್ತದೆ, ಸಡಿಲಿಕೆಗಳ ಸಂಖ್ಯೆ ಏರುತ್ತದೆ. ತುಪ್ಪ, ಎಣ್ಣೆ ಜಾಸ್ತಿ ಇದ್ದರೆ ಜಠರ ಖಾಲಿಯಾಗುವುದೂ ನಿಧಾನ. "ಸೋಡಾ ಕುಡಿದರೆ ಗ್ಯಾಸ್ ಹೋಗುತ್ತೆ" ಅನ್ನುವ ಮಾತು ಅರ್ಧ ನಿಜ. ಸೋಡಾದ ಗಾಳಿ ಜಠರವನ್ನು ಇನ್ನಷ್ಟು ಹಿಗ್ಗಿಸಿ ಒಂದು ದೊಡ್ಡ ತೇಗು ತರಿಸುತ್ತದೆ. ಹಗುರ ಅನ್ನಿಸುತ್ತದೆ. ಎದೆಯುರಿ ಇರುವವರಿಗೆ ಅದೇ ತೇಗಿನ ಜೊತೆ ಹುಳಿಯೂ ಬರುತ್ತದೆ.

ಇನ್ನೊಂದು ವಿಚಿತ್ರವಿದೆ. ಊಟ ಆಸಿಡ್ಡಿನ ತೀಕ್ಷ್ಣತೆ ತಗ್ಗಿಸಬೇಕಲ್ವಾ? ತಗ್ಗಿಸುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಊಟದ ಜೊತೆ ಬೆರೆಯದ ತೀಕ್ಷ್ಣ ಆಸಿಡ್ಡಿನ ಒಂದು ಪದರ ಜಠರದ ಮೇಲ್ಭಾಗದಲ್ಲಿ, ಸರಿಯಾಗಿ ಉಂಗುರದ ಕೆಳಗೆ ನಿಂತಿರುತ್ತದೆ ಅಂತ 2001ರಲ್ಲಿ ಗ್ಲಾಸ್ಗೋದ ಸಂಶೋಧಕರು ತೋರಿಸಿದರು. ಉಂಗುರ ಸಡಿಲವಾದಾಗ ಮೊದಲು ಮೇಲೆ ಬರುವುದು ಅದೇ.

## ಒತ್ತಡ ಏರಿಸುವುದು ಯಾವುದು?

ಸೊಂಟದ ಸುತ್ತಳತೆಯೇ ಮೊದಲು. ಹೊಟ್ಟೆಯಲ್ಲಿ ಸೇರಿದ ಕೊಬ್ಬು ಒಳಗಿನಿಂದಲೇ ಜಠರವನ್ನು ಒತ್ತುತ್ತದೆ. ಹೊಟ್ಟೆ ದಪ್ಪವಾದಷ್ಟೂ ಜಠರದ ಒತ್ತಡ ಜಾಸ್ತಿ ಅಂತ ಅಳತೆಗಳು ತೋರಿಸಿವೆ. ತೂಕ ಇಳಿಸಿ ಅಂತ ಡಾಕ್ಟರರು ಹೇಳುವುದರ ಹಿಂದೆ ಇರುವುದು ಈ ಲೆಕ್ಕ.

ಬಿಗಿಯಾದ ಪ್ಯಾಂಟ್, ಬೆಲ್ಟ್, ಸೀರೆಯೊಳಗಿನ ಲಂಗದ ಲಾಡಿ ಹೊರಗಿನಿಂದ ಅದೇ ಕೆಲಸ ಮಾಡುತ್ತವೆ. ಇದು ಸುಮ್ನೆ ಹೇಳುವ ಮಾತಲ್ಲ. ಗ್ಲಾಸ್ಗೋದಲ್ಲೇ ಎದೆಯುರಿ ಇಲ್ಲದ ಜನರಿಗೆ ಸೊಂಟಕ್ಕೆ ಬೆಲ್ಟ್ ಕಟ್ಟಿ ಅಳೆದರು, 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೆಲ್ಟ್ ಬಿಗಿದಾಗ ಜಠರದ ಒತ್ತಡ ಏರಿತು, ಅನ್ನನಾಳ ಮತ್ತು ಜಠರ ಸೇರುವ ಜಾಗ ಮೇಲಕ್ಕೆ ಸರಿಯಿತು, ಅನ್ನನಾಳದ ತುದಿಗೆ ಆಸಿಡ್ ತಾಗಿತು. ಅವರಿಗೆ ಏನೂ ಅನ್ನಿಸಿರಲೂ ಇಲ್ಲ.

ಸೊಂಟ ಬಗ್ಗಿಸುವುದೂ ಹಾಗೆಯೇ. ಗದ್ದೆಯಲ್ಲಿ ನಾಟಿ ಹಾಕುವವರು, ಮೋಟು ಪೊರಕೆಯಲ್ಲಿ ಗುಡಿಸುವವರು, ಊಟವಾದ ಕೂಡಲೇ ಈ ಕೆಲಸಕ್ಕೆ ಇಳಿದರೆ ಪ್ಯಾಕೆಟ್ಟನ್ನು ಮಡಚಿ ಹಿಂಡಿದ ಹಾಗೆ. ಮಲಬದ್ಧತೆಯಲ್ಲಿ ತಿಣುಕುವುದು, ಭಾರ ಎತ್ತುವುದು ಇದೇ ಸಾಲಿಗೆ ಸೇರುತ್ತವೆ.

ಬಸುರಿಯರಿಗೆ ಎರಡು ಕಡೆಯಿಂದ ಹೊಡೆತ. ಬೆಳೆಯುವ ಗರ್ಭ ಕೆಳಗಿನಿಂದ ಒತ್ತುತ್ತದೆ, ಪ್ರೊಜೆಸ್ಟರಾನ್ ಹಾರ್ಮೋನ್ ಉಂಗುರವನ್ನು ಸಡಿಲ ಮಾಡುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಸಿಗರೇಟು, ಮದ್ಯ, ಬಿಪಿಗೆ ಕೊಡುವ ಅಮ್ಲೋಡಿಪಿನ್ ಜಾತಿಯ ಮಾತ್ರೆಗಳು, ಎದೆನೋವಿಗೆ ಕೊಡುವ ನೈಟ್ರೇಟ್‌ಗಳು ಕೂಡ ಉಂಗುರದ ಬಲ ತಗ್ಗಿಸುತ್ತವೆ. ಹಾಗಂತ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಹಿಂಡುವುದರ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೀರುವುದರ ಬಗ್ಗೆ ಮಾತು ಕಡಿಮೆ. ಆಸ್ತಮಾದವರು ಉಸಿರಿಗಾಗಿ ಒದ್ದಾಡುವಾಗ, ಗೊರಕೆ ಹೊಡೆಯುವವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟಿದಾಗ, ಎದೆ ಗಾಳಿಗಾಗಿ ಬಲವಾಗಿ ಎಳೆಯುತ್ತದೆ. ಆಗ ಎದೆಯ ಒತ್ತಡ ಮೈನಸ್ 5ರಿಂದ ಇನ್ನೂ ಬಹಳ ಕೆಳಗೆ ಇಳಿಯುತ್ತದೆ.

## ಕಿಂಡಿ ದೊಡ್ಡದಾದಾಗ

ವಯಸ್ಸು, ತೂಕ, ವರ್ಷಗಟ್ಟಲೆ ಬಿದ್ದ ಒತ್ತಡದಿಂದ ಕೆಲವರಲ್ಲಿ ವಪೆಯ ಕಿಂಡಿ ಹಿಗ್ಗುತ್ತದೆ. ಜಠರದ ಮೇಲ್ತುದಿ ಅದರ ಮೂಲಕ ಎದೆಯೊಳಗೆ ನುಸುಳುತ್ತದೆ. ಎಂಡೋಸ್ಕೋಪಿ ವರದಿಯಲ್ಲಿ "ಹಯಾಟಸ್ ಹರ್ನಿಯಾ" ಅಂತ ಬರೆದಿರುವುದು ಇದನ್ನೇ.

ಇದರಿಂದ ಆಗುವ ನಷ್ಟ ಈಗ ಸುಲಭವಾಗಿ ಗೊತ್ತಾಗುತ್ತದೆ. ಉಂಗುರ ಮೇಲೆ ಹೋಯಿತು, ವಪೆಯ ಹಿಡಿತ ಕೆಳಗೇ ಉಳಿಯಿತು. ಒಂದರ ಮೇಲೊಂದು ಕೂತಿದ್ದ ಎರಡು ಬಿಗಿಗಳು ಬೇರೆಯಾದವು. ಹೊಟ್ಟೆಯೊಳಗಿದ್ದ ಆ ಎರಡು ಸೆಂಟಿಮೀಟರ್ ಈಗ ಎದೆಯ ಕಡಿಮೆ ಒತ್ತಡದಲ್ಲಿದೆ, ಒತ್ತಿ ಮುಚ್ಚುವವರು ಯಾರೂ ಇಲ್ಲ. ಮೇಲಾಗಿ ಎದೆಗೆ ನುಸುಳಿದ ಜಠರದ ತುದಿಯಲ್ಲಿ ಆಸಿಡ್ ನಿಂತುಕೊಳ್ಳುತ್ತದೆ. ನುಂಗಲು ಉಂಗುರ ಸಡಿಲವಾದರೂ ಸಾಕು, ಅದು ಮೇಲೆ ಬರುತ್ತದೆ. ಚಿಕ್ಕ ಹರ್ನಿಯಾ ಇರುವ ಎಷ್ಟೋ ಜನರಿಗೆ ಏನೂ ತೊಂದರೆ ಇರುವುದಿಲ್ಲ ಅನ್ನುವುದೂ ನಿಜ. ವರದಿಯಲ್ಲಿ ಆ ಪದ ನೋಡಿದ ಕೂಡಲೇ ಹೆದರಬೇಕಿಲ್ಲ.

ಎಂಡೋಸ್ಕೋಪಿಯಲ್ಲಿ ಹುಣ್ಣು, ಹರ್ನಿಯಾ ಕಾಣುತ್ತದೆ, ಒತ್ತಡದ ಅಳತೆ ಸಿಗುವುದಿಲ್ಲ. ಅದಕ್ಕೆ ಮನೋಮೆಟ್ರಿ ಅನ್ನುವ ಪರೀಕ್ಷೆ ಇದೆ. ಮೂಗಿನ ಮೂಲಕ ಸಣ್ಣ ಕೊಳವೆ ಇಳಿಸುತ್ತಾರೆ. ಅದರಲ್ಲಿ ಸೆಂಟಿಮೀಟರಿಗೊಂದರಂತೆ ಒತ್ತಡ ಅಳೆಯುವ ಸೆನ್ಸರ್‌ಗಳು. ಪರದೆ ಮೇಲೆ ಕಡಿಮೆ ಒತ್ತಡ ನೀಲಿ, ಜಾಸ್ತಿ ಒತ್ತಡ ಕೆಂಪು. ಒಂದು ಗುಟುಕು ನೀರು ನುಂಗಿದರೆ ಕೆಂಪು ಪಟ್ಟೆಯೊಂದು ಓರೆಯಾಗಿ ಕೆಳಗೆ ಇಳಿಯುತ್ತದೆ. ಉಂಗುರ ಮತ್ತು ವಪೆ ಬೇರೆಯಾಗಿದ್ದರೆ ತುದಿಯಲ್ಲಿ ಒಂದರ ಬದಲು ಎರಡು ಪಟ್ಟಿ ಕಾಣುತ್ತವೆ.

## ರಾತ್ರಿ ಯಾಕೆ ಕಷ್ಟ?

ನಿದ್ದೆಯಲ್ಲಿ ಉಂಗುರ ಸಡಿಲವಾಗುವುದು ಕಡಿಮೆ. ಆದರೆ ಒಮ್ಮೆ ಆಸಿಡ್ ಬಂದರೆ ಅದು ಬೇಗ ಹಿಂದೆ ಹೋಗುವುದಿಲ್ಲ. ಎಚ್ಚರ ಇರುವಾಗ ಆಗಾಗ ಎಂಜಲು ನುಂಗುತ್ತಿರುತ್ತೇವೆ, ಎಂಜಲು ಕ್ಷಾರೀಯ, ಆಸಿಡ್ಡನ್ನು ತೊಳೆದು ಇಳಿಸುತ್ತದೆ. ನಿದ್ದೆಯಲ್ಲಿ ಎಂಜಲೂ ಕಡಿಮೆ, ನುಂಗುವುದೂ ಕಡಿಮೆ. ಮಲಗಿರುವುದರಿಂದ ಭೂಮಿಯ ಸೆಳೆತದ ನೆರವೂ ಇಲ್ಲ.

ಊಟವಾಗಿ ಎರಡು ಮೂರು ಗಂಟೆ ಬಿಟ್ಟು ಮಲಗಿ ಅನ್ನುವುದು ಜಠರ ಅಷ್ಟರಲ್ಲಿ ಸುಮಾರಾಗಿ ಖಾಲಿಯಾಗಲಿ ಅಂತ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಆರೆಂಟು ಇಂಚಿನ ಮರದ ಹಲಗೆ ಇಟ್ಟರೆ ಇಡೀ ಮೈ ಇಳಿಜಾರಾಗುತ್ತದೆ. ಎರಡು ಮೂರು ದಿಂಬು ಪೇರಿಸಿದರೆ ಅದೇ ಆಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಆಗುವುದಿಲ್ಲ. ಸೊಂಟದ ಹತ್ತಿರ ಮೈ ಮಡಚಿ ಹೊಟ್ಟೆಯ ಒತ್ತಡ ಏರುತ್ತದೆ.

ಎಡಮಗ್ಗುಲಾಗಿ ಮಲಗಿದರೆ ಜಠರ ಕೆಳಗೆ, ಅನ್ನನಾಳ ಸೇರುವ ಜಾಗ ಮೇಲೆ ಬರುತ್ತದೆ. ಬಲಮಗ್ಗುಲಿಗೆ ತಿರುಗಿದರೆ ಉಲ್ಟಾ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ರಾತ್ರಿಯಿಡೀ ಅಳೆದು ನೋಡಿದಾಗ ಎಡಮಗ್ಗುಲಲ್ಲಿ ಆಸಿಡ್ ಅನ್ನನಾಳದಿಂದ ಬೇಗ ಇಳಿದು ಹೋಗುತ್ತಿತ್ತು.

## ಮಾತ್ರೆಯ ಕೆಲಸ ಎಲ್ಲಿಯವರೆಗೆ?

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಜಠರದ ಆಸಿಡ್ ಪಂಪುಗಳನ್ನು ನಿಲ್ಲಿಸುತ್ತವೆ. ಅನ್ನನಾಳದ ಹುಣ್ಣು ಮಾಯಲು ಅವು ಬೇಕೇ ಬೇಕು. ಆದರೆ ಒತ್ತಡವನ್ನಾಗಲಿ, ಉಂಗುರವನ್ನಾಗಲಿ ಅವು ಮುಟ್ಟುವುದಿಲ್ಲ. ದ್ರವ ಮೇಲೆ ಬರುತ್ತಲೇ ಇರುತ್ತದೆ, ಹುಳಿ ಕಡಿಮೆ ಇರುತ್ತದೆ. ಆಲ್ಜಿನೇಟ್ ಇರುವ ಸಿರಪ್‌ಗಳ ದಾರಿ ಬೇರೆ. ಸಮುದ್ರದ ಪಾಚಿಯಿಂದ ತೆಗೆದ ಆ ವಸ್ತು ಜಠರದಲ್ಲಿ ನೊರೆಯಾಗಿ ತೇಲಿ ಆ ಆಸಿಡ್ ಪದರವನ್ನು ಮುಚ್ಚುತ್ತದೆ.

ವಪೆಗೆ ವ್ಯಾಯಾಮ ಕೊಡಬಹುದು. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ನಾಲ್ಕು ವಾರ ಹೊಟ್ಟೆ ಉಬ್ಬಿಸಿ ಉಸಿರಾಡುವ ಅಭ್ಯಾಸ ಮಾಡಿದವರಲ್ಲಿ ಅನ್ನನಾಳಕ್ಕೆ ಆಸಿಡ್ ತಾಗುವ ಹೊತ್ತು ಕಡಿಮೆಯಾಯಿತು. ಕಿಂಡಿಯ ಸುತ್ತ ಇರುವುದು ಅದೇ ವಪೆಯ ನಾರುಗಳಲ್ವಾ, ಕಾರಣ ಅಲ್ಲಿದೆ.

ಒಂದು ಎಚ್ಚರಿಕೆ. ಎದೆಯ ಒತ್ತುನೋವು ಎಡಗೈಗೆ, ದವಡೆಗೆ ಹರಡಿದರೆ, ಬೆವರು, ಏದುಸಿರು ಬಂದರೆ "ಗ್ಯಾಸ್ಟ್ರಿಕ್ ಇರಬೇಕು" ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ರಕ್ತಹೀನತೆ: ಇವುಗಳಲ್ಲಿ ಯಾವುದಿದ್ದರೂ ಮಾತ್ರೆಯಲ್ಲಿ ದಿನ ತಳ್ಳಬಾರದು.

## ಜಠರವನ್ನೇ ಸುತ್ತುವ ಆಪರೇಷನ್

ಒತ್ತಡದ ಲೆಕ್ಕವನ್ನೇ ಸರಿಮಾಡುವ ದಾರಿ ಶಸ್ತ್ರಚಿಕಿತ್ಸೆ. ಇದರ ಹಿಂದೆ ಇರುವವರು ಜರ್ಮನಿಯ ಸರ್ಜನ್ ರುಡಾಲ್ಫ್ ನಿಸೆನ್. ಯಹೂದಿಯಾಗಿದ್ದ ಅವರು ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಇಸ್ತಾಂಬುಲ್‌ಗೆ, ಆಮೇಲೆ ಅಮೆರಿಕಕ್ಕೆ ಹೋದರು. 1948ರಲ್ಲಿ ನ್ಯೂಯಾರ್ಕಿನಲ್ಲಿ ಐನ್‌ಸ್ಟೈನರ ಹೊಟ್ಟೆಯ ಮಹಾಧಮನಿಗೆ ಆಪರೇಷನ್ ಮಾಡಿದವರೂ ಇವರೇ. 1955ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅವರು ರಿಫ್ಲಕ್ಸ್ ಇದ್ದ ರೋಗಿಯೊಬ್ಬರ ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಸುತ್ತಲೂ ಸುತ್ತಿ ಹೊಲಿದರು. ಮರುವರ್ಷ ಅದನ್ನು ಪ್ರಕಟಿಸಿದರು.

ಇದರಲ್ಲಿರುವ ಉಪಾಯ ನೋಡಿ. ಜಠರದ ಒತ್ತಡ ಏರಿದರೆ ಆ ಸುತ್ತಿಗೂ ಒತ್ತಡ ಏರುತ್ತದೆ, ಅದು ಅನ್ನನಾಳವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ತಳ್ಳುವ ಬಲವೇ ತಡೆಯುವ ಬಲವಾಯಿತು. ಹರ್ನಿಯಾ ಇದ್ದರೆ ಜಠರವನ್ನು ಕೆಳಗೆ ಎಳೆದು ಕಿಂಡಿಯನ್ನೂ ಹೊಲಿದು ಚಿಕ್ಕದು ಮಾಡುತ್ತಾರೆ. ಈಗ ಇದೆಲ್ಲ ಲ್ಯಾಪರೋಸ್ಕೋಪಿಯಲ್ಲಿ, ಸಣ್ಣ ತೂತುಗಳಿಂದಲೇ ಆಗುತ್ತದೆ.

ತೊಂದರೆ ಇಲ್ಲವೆಂದಲ್ಲ. ತಡೆ ಅತಿಯಾಗಿ ಬಿಗಿಯಾದರೆ ಕೆಲವರಿಗೆ ತೇಗಲು ಆಗುವುದಿಲ್ಲ, ವಾಂತಿ ಮಾಡಲೂ ಆಗುವುದಿಲ್ಲ, ಗಾಳಿ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಉಬ್ಬರಿಸುತ್ತದೆ. ಅದಕ್ಕೆ ಫ್ರಾನ್ಸಿನ ಆಂದ್ರೆ ಟುಪೆ 1963ರಲ್ಲಿ ಪೂರ್ತಿ ಸುತ್ತುವ ಬದಲು ಹಿಂದಿನಿಂದ ಅರೆಸುತ್ತು ಹಾಕುವ ವಿಧಾನ ತಂದರು. ಅದರಲ್ಲಿ ಅನ್ನನಾಳದ ಮುಂಭಾಗ ಸ್ವಲ್ಪ ತೆರೆದೇ ಇರುತ್ತದೆ, ತೇಗು ಹೊರಗೆ ಬರಲು ದಾರಿ ಸಿಗುತ್ತದೆ. ಯಾರಿಗೆ ಯಾವ ಸುತ್ತು ಅನ್ನುವುದನ್ನು ನಿರ್ಧರಿಸುವ ಮೊದಲು ಸರ್ಜನ್ನರು ಮನೋಮೆಟ್ರಿ ಮಾಡಿಸಿ ಅಂತ ಕೇಳುತ್ತಾರೆ.